ಪಾಠಶಾಲೆಯೂ ಮಕ್ಕಳ ಚಿತ್ತಸ್ವಾಸ್ಥ್ಯವೂ

(ಉಪನ್ಯಾಸ)



ಮಠಗಳ ಮಹೋತ್ಸವಗಳಲ್ಲಿ ವಿದ್ಯಾದಾನದ ಮಾತು ಬರುವುದು ವಾಡಿಕೆ. ಎಷ್ಟು ಪಾಠಶಾಲೆಗಳು ಸ್ಥಾಪಿತವಾದುವು, ಎಷ್ಟು ವಿದ್ಯಾರ್ಥಿಗಳಿಗೆ ಅನ್ನವಸತಿಗಳು ಒದಗಿದುವು, ಎಷ್ಟು ಮಂದಿ ಪರೀಕ್ಷೆಗಳಲ್ಲಿ ತೇರ್ಗಡೆ ಹೊಂದಿದರು ಎಂಬ ಲೆಕ್ಕವನ್ನು ಸಂತೋಷದಿಂದ ಒಪ್ಪಿಸುವರು, ಒಪ್ಪಿಸತಕ್ಕದ್ದೇ ಸರಿ. ಆದರೆ ಆ ಲೆಕ್ಕಕ್ಕೆ ಬಾರದೆ ಉಳಿಯುವ ಮಕ್ಕಳು ಕೆಲವರುಂಟು. ಹಾಜರಿ ಪುಸ್ತಕದಲ್ಲಿ ಹೆಸರಿದ್ದು, ಒಂದು ದಿನ ಬಂದು ನಾಲ್ಕು ದಿನ ಬಾರದೆ, ಬಂದ ದಿನವೂ ಗೋಡೆಯ ಮಗ್ಗುಲಲ್ಲಿ ತಲೆತಗ್ಗಿಸಿ ಕುಳಿತು, ಕಡೆಗೊಮ್ಮೆ ಶಾಲೆಯನ್ನೇ ಬಿಟ್ಟು ಹೋಗುವ ಮಕ್ಕಳವರು. ಅಂಥವರಿಗೆ ಸೋಮಾರಿ, ಮೊಂಡ, ದಡ್ಡ ಎಂದು ಹೆಸರಿಟ್ಟು ಮರೆತುಬಿಡುವುದು ಸುಲಭ. ಅವರಲ್ಲಿ ಕೆಲವರಿಗಾದರೂ ಇರುವುದು ಮನಸ್ಸಿನ ಬೇನೆ. ಆ ಬೇನೆಗೆ ಚಿಕಿತ್ಸೆಯುಂಟು. ಆ ಚಿಕಿತ್ಸೆಗೆ ಮೊದಲನೆಯ ಬಾಗಿಲು ಪಾಠಶಾಲೆಯೇ ಎಂಬುದು ಈ ಉಪನ್ಯಾಸದ ವಿಷಯವಾಗಿದೆ.

ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗಳಿಗೆ ಹೆಸರಾದ ಊರು. 1800-01ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಇಲ್ಲಿನ ಗಾಜಿನ ಕೆಲಸವನ್ನು ತನ್ನ ಗ್ರಂಥದಲ್ಲಿ ಬರೆದಿಟ್ಟಿರುವನು. ಕುಲುಮೆಯಿಂದ ತೆಗೆದ ಗಾಜನ್ನು ಒಮ್ಮೆಗೇ ತಣಿಸಿದರೆ ಅದು ಬಿರಿಯುವುದೆಂಬುದನ್ನು ಗಾಜಿನ ಕಸುಬುಗಾರರೆಲ್ಲ ಬಲ್ಲರು. ಗಾಜಿನ ವಿಷಯದಲ್ಲಿ ಇಷ್ಟು ಎಚ್ಚರವುಳ್ಳ ಮನುಷ್ಯನು ಹದಿಮೂರು ಹದಿನಾಲ್ಕು ವರ್ಷದ ಮಗುವಿನ ಮನಸ್ಸಿನ ವಿಷಯದಲ್ಲಿ ಮಾತ್ರ ಅದು ಹೇಗೋ ತಾನಾಗಿ ಗಟ್ಟಿಯಾಗುವುದೆಂದು ಸುಮ್ಮನಿರುವುದು ವಿಚಿತ್ರ. ಮನೋರೋಗಗಳಲ್ಲಿ ಸುಮಾರು ಅರ್ಧದಷ್ಟು ಹದಿನಾಲ್ಕು ವರ್ಷ ತುಂಬುವುದರೊಳಗೇ ಮೊಳೆಯುವುವೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸುವುದು. ಅಂದರೆ ಮಗುವು ಮಾಧ್ಯಮಿಕ ಶಾಲೆಯ ಹಲಗೆಯ ಮೇಲೆ ಕುಳಿತಿರುವ ಕಾಲ.

ಇಂಥ ಮಕ್ಕಳು ಎಷ್ಟು ಮಂದಿ ಇದ್ದಾರು ಎಂದು ಕೇಳಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಬೆಂಗಳೂರು ನಗರದ ಮಧ್ಯಮ ವರ್ಗದ ಬಡಾವಣೆಗಳು, ಕೊಳೆಗೇರಿಗಳು, ಸುತ್ತಣ ಹಳ್ಳಿಗಳು, ಈ ಮೂರು ಕಡೆಯ 2064 ಮಕ್ಕಳನ್ನು ಪರೀಕ್ಷಿಸಿ ಅದರ ಫಲವನ್ನು 2005ರಲ್ಲಿ ಪ್ರಕಟಿಸಿದರು. ಹದಿನಾರು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಹನ್ನೆರಡೂವರೆ ಮಂದಿಗೆ ಒಂದಲ್ಲ ಒಂದು ತೊಂದರೆಯಿತ್ತು. ಹಳ್ಳಿಯ ಮಕ್ಕಳಿಗೂ ಪಟ್ಟಣದ ಮಕ್ಕಳಿಗೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಹಳ್ಳಿಯಲ್ಲಿ ಗಾಳಿ ಬೆಳಕು ಚೆನ್ನಾಗಿರುವುದರಿಂದ ಮನೋವ್ಯಾಧಿಗಳು ಸುಳಿಯುವುದಿಲ್ಲವೆಂಬ ನಂಬಿಕೆಯನ್ನು ಬಿಡಬೇಕಾಯಿತು. ಇದೇ ಪ್ರಮಾಣವನ್ನು ನಲವತ್ತು ಮಕ್ಕಳ ಒಂದು ತರಗತಿಗೆ ಹಿಡಿದರೆ ಐದು ಮಕ್ಕಳಾಗುವರು. ಇವೆಲ್ಲವೂ ಘೋರ ರೋಗಗಳೆಂದು ಹೆದರತಕ್ಕದ್ದಿಲ್ಲ. ಹಾಸಿಗೆಯಲ್ಲಿ ಮೂತ್ರ ಮಾಡಿಕೊಳ್ಳುವುದು, ಮಿತಿಮೀರಿದ ಭಯ, ಒಂದು ಕ್ಷಣವೂ ನಿಲ್ಲಲಾರದ ಚಂಚಲತೆ, ಉಗ್ಗು, ಇಂಥವೇ ಹೆಚ್ಚು. ಆದರೆ ಆ ಅಧ್ಯಯನದಲ್ಲಿ ಮನಸ್ಸಿಗೆ ನಾಟುವ ಅಂಶ ಬೇರೊಂದಿದೆ. ಮಗುವಿಗೆ ಏನೋ ತೊಂದರೆಯಿದೆಯೆಂದು ಕಂಡುಕೊಂಡಿದ್ದ ಮನೆಗಳು ನೂರಕ್ಕೆ ಮೂವತ್ತೇಳೂವರೆ ಮಾತ್ರ. ಮಿಕ್ಕ ಮನೆಗಳಲ್ಲಿ ತಂದೆತಾಯಿಗಳಿಗೆ ಗೊತ್ತೇ ಇರಲಿಲ್ಲ. ಇದು ಪ್ರೀತಿಯ ಕೊರತೆಯಿಂದಾದುದಲ್ಲ. ದಿನವೂ ನೋಡುವ ಮಗು ಹಾಗಿರುವುದೇ ಅದರ ಸ್ವಭಾವವೆಂದು ಹೆತ್ತವರಿಗೆ ತೋರುವುದು ಸಹಜ. ಒಂದೇ ವಯಸ್ಸಿನ ನಲವತ್ತು ಮಕ್ಕಳನ್ನು ಸಾಲಾಗಿ ಕೂರಿಸಿಕೊಂಡು ನೋಡುವ ಅವಕಾಶವಿರುವುದು ಉಪಾಧ್ಯಾಯರಿಗೆ ಮಾತ್ರ. ಅವರ ಕಣ್ಣಿಗೆ ಬೀಳುವ ವ್ಯತ್ಯಾಸವು ತಾಯಿಯ ಕಣ್ಣಿಗೆ ಬೀಳಲಾರದು.

ಈ ಮಾತಿಗೆ ಇತಿಹಾಸದ ಆಧಾರವೂ ಉಂಟು. 1896ರಲ್ಲಿ ಅಮೆರಿಕಾ ದೇಶದ ಫಿಲಡೆಲ್ಫಿಯಾ ನಗರದಲ್ಲಿ ಒಬ್ಬ ಶಾಲಾ ಉಪಾಧ್ಯಾಯಿನಿಯು ಹದಿನಾಲ್ಕು ವರ್ಷದ ಹುಡುಗನೊಬ್ಬನನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರದ ಆಚಾರ್ಯ ಲೈಟ್ನರ್ ವಿಟ್ಮರ್ ಎಂಬವರ ಬಳಿಗೆ ಕರೆದುಕೊಂಡು ಹೋದಳು. ಹುಡುಗನು ಬುದ್ಧಿವಂತ, ಆದರೆ ಪದಗಳ ಅಕ್ಷರಗಳನ್ನು ಕ್ರಮವಾಗಿ ಬರೆಯಲು ಅವನಿಗೆ ಬಾರದು. ಮನಸ್ಸಿನ ವಿಚಾರವನ್ನು ಅಷ್ಟು ಓದಿದವರಿಗೆ ಒಂದು ಮಗುವಿನ ಈ ಕಷ್ಟವನ್ನು ಬಿಡಿಸಲಾಗದಿದ್ದರೆ ಆ ಓದಿನಿಂದೇನು ಫಲ ಎಂಬುದೇ ಆಕೆಯ ಪ್ರಶ್ನೆಯ ಭಾವ. ವಿಟ್ಮರ್ ಪರೀಕ್ಷಿಸಿ ನೋಡಲಾಗಿ ಹುಡುಗನ ದೃಷ್ಟಿಯಲ್ಲಿ ದೋಷವಿರುವುದು ಕಂಡುಬಂದಿತು. ಕನ್ನಡಕ ಹಾಕಿಸಿದರು, ಆಮೇಲೆ ವಿಶೇಷ ಪಾಠದ ಏರ್ಪಾಡನ್ನೂ ಮಾಡಿದರು, ಹುಡುಗನು ಮುಂದುವರಿದನು. ಲೋಕದ ಮೊತ್ತಮೊದಲನೆಯ ಮನಶ್ಶಾಸ್ತ್ರೀಯ ಚಿಕಿತ್ಸಾಲಯವೆಂದು ಗಣ್ಯವಾದುದು ಹೀಗೆ ಹುಟ್ಟಿತು. ಅದನ್ನು ಹುಟ್ಟಿಸಿದವಳು ಒಬ್ಬ ಮೇಷ್ಟರಮ್ಮನೆಂಬುದನ್ನು ಗ್ರಂಥಗಳು ಅಡಿಟಿಪ್ಪಣಿಯಷ್ಟು ಮಾತ್ರವಾಗಿ ಹೇಳಿ ಮುಂದೆ ಹೋಗುತ್ತವೆ! ಇಲ್ಲಿ ಕಲಿಯತಕ್ಕ ಇನ್ನೊಂದು ವಿಷಯವೆಂದರೆ, ಓದಿನಲ್ಲಿ ಹಿಂದೆ ಬಿದ್ದ ಮಗುವಿನ ಕಣ್ಣು ಕಿವಿಗಳನ್ನು ಮೊದಲು ಪರೀಕ್ಷೆ ಮಾಡಿಸಬೇಕು. ಕಿವಿ ಮಂದವಾದ ಮಗುವನ್ನು ದಡ್ಡನೆಂದು ಹೊಡೆದ ಪಾಪಕ್ಕೆ ಪ್ರಾಯಶ್ಚಿತ್ತವಿಲ್ಲ.

ಭಾರತದಲ್ಲಿ 1937ರಲ್ಲಿ ಮುಂಬಯಿಯ ಟಾಟಾ ಸಮಾಜ ಕಾರ್ಯ ವಿದ್ಯಾಲಯದವರು ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯವನ್ನು ತೆರೆದರು. ಮೈಸೂರು ಸಂಸ್ಥಾನದಲ್ಲಿಯೂ ಸುಮಾರು ಅದೇ ಕಾಲಕ್ಕೆ ಬೆಂಗಳೂರಿನ ಮಾನಸಿಕ ಆಸ್ಪತ್ರೆಯು ಡಾಕ್ಟರ್ ನರೋನ್ಹಾ ಅವರ ಮೇಲ್ವಿಚಾರಣೆಯಲ್ಲಿ ಹೊಸ ಕಟ್ಟಡಗಳಿಗೆ ಬಂದಿತು. 1954ರಲ್ಲಿ ಅದರೊಡನೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಏರ್ಪಟ್ಟು, 1974ರಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಎಂಬ ಹೆಸರನ್ನು ತಾಳಿದುವು. ಆದರೆ ಆಸ್ಪತ್ರೆಯು ಎಷ್ಟೇ ದೊಡ್ಡದಾದರೂ ಹಳ್ಳಿಯ ರೋಗಿಯು ಅಲ್ಲಿಗೆ ಹೋಗಬೇಕು; ಹೋಗುವಷ್ಟರಲ್ಲಿ ಕಾಯಿಲೆಯು ಬೇರುಬಿಟ್ಟಿರುವುದು. ಇದನ್ನು ಕಂಡ ವೈದ್ಯರು 1975ರ ಸುಮಾರಿಗೆ ಬೆಂಗಳೂರಿನ ಬಳಿಯ ಸಕಲವಾರದಲ್ಲಿ ಕೇಂದ್ರವೊಂದನ್ನು ಮಾಡಿಕೊಂಡು, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಚಿಕಿತ್ಸೆಯನ್ನೇ ಜನರ ಬಳಿಗೆ ಒಯ್ಯುವ ಪ್ರಯೋಗವನ್ನು ಆರಂಭಿಸಿದರು. 1985ರಿಂದ ಅದೇ ಪ್ರಯೋಗವು ಬಳ್ಳಾರಿ ಜಿಲ್ಲೆಗೆಲ್ಲ ವಿಸ್ತರಿಸಿತು. ಚಿತ್ರದುರ್ಗಕ್ಕೆ ನೆರೆಯದಾದ ಆ ಜಿಲ್ಲೆಯ ಮಾದರಿಯನ್ನೇ ಹಿಡಿದು 1996ರಲ್ಲಿ ಭಾರತ ಸರ್ಕಾರವು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಹೊರಡಿಸಿತೆಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ.

ಶಾಲೆಯ ವಿಷಯದಲ್ಲಿಯೂ ಬೆಂಗಳೂರಿನವರೇ ಮುಂದಾಳುಗಳು. ನಿಮ್ಹಾನ್ಸಿನಲ್ಲಿದ್ದ ಮನಶ್ಶಾಸ್ತ್ರಜ್ಞೆ ಮಾಲವಿಕಾ ಕಪೂರ್ ಅವರು ಉಪಾಧ್ಯಾಯರಿಗೆ ಮಕ್ಕಳ ಮನಸ್ಸಿನ ವಿಚಾರದಲ್ಲಿ ತಿಳಿವಳಿಕೆ ಕೊಡುವ ಕೆಲಸದಲ್ಲಿ ಬಹುಕಾಲ ತೊಡಗಿದ್ದು, ಭಾರತದ ಶಾಲೆಗಳ ಮಾನಸಿಕ ಆರೋಗ್ಯವನ್ನು ಕುರಿತು 1997ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಅನಂತರ ಅದೇ ಸಂಸ್ಥೆಯ ಡಾಕ್ಟರ್ ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ ಅವರು ‘ಜೀವನ ಕೌಶಲ ಶಿಕ್ಷಣ’ವೆಂಬ ಕ್ರಮವನ್ನು ಪ್ರೌಢಶಾಲೆಗಳಲ್ಲಿ ನಡೆಸಿದರು. ಇದರಲ್ಲಿ ಹೊರಗಿನ ತಜ್ಞರು ಬಂದು ಭಾಷಣ ಮಾಡುವುದಿಲ್ಲ. ಆ ಶಾಲೆಯ ಉಪಾಧ್ಯಾಯರೇ ತರಬೇತಿ ಹೊಂದಿ, ಆಟ, ಚರ್ಚೆ, ಸಣ್ಣ ಅಭಿನಯಗಳ ಮೂಲಕ ಮಕ್ಕಳಿಗೆ ಕೋಪವನ್ನು ತಡೆದುಕೊಳ್ಳುವುದು, ಬೇಡವಾದುದನ್ನು ಬೇಡವೆನ್ನುವುದು, ಸೋಲನ್ನು ತಾಳುವುದು, ಕಷ್ಟವನ್ನು ಬಾಯಿಬಿಟ್ಟು ಹೇಳುವುದು, ಇವನ್ನು ಅಭ್ಯಾಸ ಮಾಡಿಸುವರು. 1997ರಲ್ಲಿ ‘ಶಿವಸಂಚಾರ’ವನ್ನು ಹೊರಡಿಸಿದ ಸಾಣೇಹಳ್ಳಿಯು ಹೊಸದುರ್ಗ ತಾಲ್ಲೂಕಿಗೇ ಸೇರಿದುದಾದ್ದರಿಂದ, ಅಭಿನಯದಿಂದ ಮನಸ್ಸಿನ ಗಂಟುಗಳು ಸಡಿಲವಾಗುವುವೆಂಬುದನ್ನು ಈ ಸೀಮೆಯವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ.

ಈ ಶಿಕ್ಷಣದಿಂದ ಫಲವಾಯಿತೇ ಎಂಬುದನ್ನೂ ಅವರು ಅಳೆದು ನೋಡಿದರು. 2010ರಲ್ಲಿ ಪ್ರಕಟವಾದ ವರದಿಯಲ್ಲಿ ಶಿಕ್ಷಣ ಪಡೆದ 605 ವಿದ್ಯಾರ್ಥಿಗಳನ್ನು ಪಡೆಯದ 423 ವಿದ್ಯಾರ್ಥಿಗಳೊಡನೆ ಹೋಲಿಸಿದೆ. ಪಡೆದವರಲ್ಲಿ ಆತ್ಮಗೌರವವು ಹೆಚ್ಚಿತ್ತು. ಕಷ್ಟವನ್ನು ಎದುರಿಸಬಲ್ಲೆವೆಂಬ ಧೈರ್ಯವಿತ್ತು. ಉಪಾಧ್ಯಾಯರೊಡನೆಯೂ ಶಾಲೆಯೊಡನೆಯೂ ಹೊಂದಿಕೆ ಉತ್ತಮವಾಗಿತ್ತು. ಆದರೆ ಮನೋವ್ಯಾಧಿಯ ಲಕ್ಷಣಗಳ ಮಟ್ಟಿಗೆ ಎರಡು ಗುಂಪುಗಳಿಗೂ ಭೇದವು ಕಂಡುಬರಲಿಲ್ಲ. ಈ ಕೊನೆಯ ಮಾತನ್ನು ಆ ವೈದ್ಯರು ಮುಚ್ಚಿಡದೆ ಬರೆದಿರುವುದು ಶ್ಲಾಘ್ಯವಾದುದು. ಇದರಿಂದ ತಿಳಿಯತಕ್ಕದ್ದೂ ಬಹಳವಿದೆ. ಒಳ್ಳೆಯ ಪಾಠ, ಒಳ್ಳೆಯ ಪ್ರಾರ್ಥನೆ, ಯೋಗಾಸನ, ನೀತಿಬೋಧೆ, ಇವು ಎಲ್ಲ ಮಕ್ಕಳಿಗೂ ಬಲವನ್ನು ಕೊಡುವುವು. ಆದರೆ ಬೇನೆ ಬಿದ್ದ ಮಗುವಿಗೆ ಇವಿಷ್ಟೇ ಸಾಲವು. ಆ ಮಗುವಿಗೆ ಚಿಕಿತ್ಸೆಯೇ ಆಗಬೇಕು. ಶಾಲೆಯಲ್ಲಿ ವಾರಕ್ಕೊಂದು ಧ್ಯಾನದ ತರಗತಿಯನ್ನು ಇಟ್ಟೆವು, ಮಕ್ಕಳ ಮನಸ್ಸಿನ ಕಾರ್ಯವು ಮುಗಿಯಿತು ಎಂದು ಭಾವಿಸುವ ಆಡಳಿತವರ್ಗದವರು ಇದನ್ನು ಆಲೋಚಿಸಬೇಕು.

ಹಾಗಾದರೆ ಉಪಾಧ್ಯಾಯರು ವೈದ್ಯರಾಗಬೇಕೇ? ಎಂದಿಗೂ ಇಲ್ಲ. ಅವರು ಮಾಡತಕ್ಕದ್ದು ನೋಡುವುದು, ಕೇಳುವುದು, ತಕ್ಕವರ ಬಳಿಗೆ ಕಳುಹಿಸುವುದು ಮಾತ್ರ. ನೋಡುವುದೆಂದರೆ ಏನನ್ನು? ಮೊದಲಿನಂತಿಲ್ಲದಿರುವುದನ್ನು. ಚೆನ್ನಾಗಿ ಓದುತ್ತಿದ್ದ ಹುಡುಗನು ಎರಡು ಮೂರು ವಾರಗಳಿಂದ ಮಂಕಾಗಿರುವುದು. ಗೆಳೆಯರನ್ನು ಬಿಟ್ಟು ಒಂಟಿಯಾಗುವುದು. ಸಣ್ಣ ಮಾತಿಗೂ ಸಿಡಿಮಿಡಿಗೊಳ್ಳುವುದು. ದೊಡ್ಡವರಲ್ಲಿ ಖಿನ್ನತೆಯು ಕಣ್ಣೀರಾಗಿ ಕಂಡರೆ ಹರೆಯದವರಲ್ಲಿ ಅದು ಬಹುಮಟ್ಟಿಗೆ ಕೋಪವಾಗಿ ಕಾಣುವುದರಿಂದ, ಖಿನ್ನನಾದ ಹುಡುಗನಿಗೆ ಉದ್ಧಟನೆಂಬ ಶಿಕ್ಷೆಯೂ ಮೇಲಾಗಿ ಸಿಕ್ಕುವುದು. ಶಾಲೆಯ ದಿನ ಬೆಳಗಾದರೆ ಹೊಟ್ಟೆನೋವು, ಭಾನುವಾರ ನೋವಿಲ್ಲ ಎಂಬ ಮಗುವು ಸುಳ್ಳು ಹೇಳುತ್ತಿರುವುದೆಂದು ತಿಳಿಯಬಾರದು. ಭಯವು ಹೊಟ್ಟೆಯಲ್ಲಿ ನಿಜವಾದ ನೋವನ್ನೇ ಉಂಟುಮಾಡುವುದು. ಬಾಯಲ್ಲಿ ಥಟ್ಟನೆ ಉತ್ತರ ಹೇಳುವ ಮಗುವಿಗೆ ಓದುವುದು ಬರೆಯುವುದು ಮಾತ್ರ ಬಾರದಿದ್ದರೆ ಅದು ಕಲಿಕೆಯ ನ್ಯೂನತೆಯಾಗಿರಬಹುದು. ಅದಕ್ಕೆ ಬೆತ್ತವು ಔಷಧವಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಮಗುವಿಗೆ ದೇಹದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾಯಿದೆಯ ಮಾತಿರಲಿ, ಹತ್ತು ಮಂದಿಯ ಮುಂದೆ ಹೀಯಾಳಿಸಿದ ಮಾತು ಬೆತ್ತದ ಬಾಸುಂಡೆಗಿಂತ ಹೆಚ್ಚು ದಿನ ಉಳಿಯುವುದು.

ಕೇಳುವುದೆಂದರೆ ವಿಚಾರಣೆಯಲ್ಲ. ಎಲ್ಲರ ಮುಂದೆ ನಿಲ್ಲಿಸಿ ಕೇಳದೆ, ಆಟದ ಬಯಲಿನ ಅಂಚಿನಲ್ಲಿಯೋ ಊಟವಾದ ಮೇಲೆಯೋ ಪಕ್ಕಕ್ಕೆ ಕರೆದು, ‘ಯಾಕಪ್ಪ, ಈಚೆಗೆ ಊಟವೂ ಸೇರುತ್ತಿಲ್ಲವಂತಲ್ಲ, ಏನಾಗಿದೆ?’ ಎಂದರೆ ಸಾಕು. ಆಮೇಲೆ ಸುಮ್ಮನಿರಬೇಕು. ಉಪದೇಶವನ್ನು ತಡೆದುಕೊಳ್ಳುವುದು ಉಪಾಧ್ಯಾಯರಿಗೆ ಎಲ್ಲಕ್ಕಿಂತ ಕಷ್ಟವಾದ ಕೆಲಸ! ಬದುಕು ಬೇಡವಾಗಿದೆಯೆಂಬ ಸುಳಿವು ಮಗುವಿನ ಮಾತಿನಲ್ಲಿ ಬಂದರೆ ಹಾರಿಸಿ ಹೋಗಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ಮೆಲ್ಲಗೆ, ನೇರವಾಗಿ ಕೇಳಬೇಕು. ಹಾಗೆ ಕೇಳುವುದರಿಂದ ಇಲ್ಲದ ಯೋಚನೆಯನ್ನು ಹುಟ್ಟಿಸಿದಂತಾಗುವುದೆಂಬ ಭಯವು ನಿರಾಧಾರವಾದುದು. ಕೇಳಿದವರಿದ್ದಾರೆಂಬುದರಿಂದಲೇ ಮಗುವಿನ ಎದೆಯ ಭಾರವು ಅರ್ಧ ಇಳಿಯುವುದುಂಟು. ಹೌದೆಂದು ಮಗುವು ಹೇಳಿದರೆ ಅಂದಿನಿಂದ ಅದನ್ನು ಒಂಟಿಯಾಗಿ ಬಿಡಬಾರದು. ತಂದೆತಾಯಿಗಳಿಗೆ ಆ ದಿನವೇ ತಿಳಿಸಿ ವೈದ್ಯರ ಬಳಿಗೆ ಕರೆದೊಯ್ಯಬೇಕು. ಯಾರಿಗೂ ಹೇಳುವುದಿಲ್ಲವೆಂಬ ಭಾಷೆಯನ್ನು ಇಂಥ ವಿಷಯದಲ್ಲಿ ಕೊಡಲಾಗದು. ಎಸ್.ಎಸ್.ಎಲ್.ಸಿ. ಫಲಿತಾಂಶದ ಕಾಲದಲ್ಲಿ ಈ ಎಚ್ಚರವು ಇಮ್ಮಡಿಯಾಗಬೇಕು. 2024ರಲ್ಲಿ ಕರ್ನಾಟಕದಲ್ಲಿ ಒಂದೇ ವರ್ಷಕ್ಕೆ ಮೂರು ಸಲ ಆ ಪರೀಕ್ಷೆಯನ್ನು ನಡೆಸಲಾಯಿತು. ಅನುತ್ತೀರ್ಣನಾದವನಿಗೆ ದಾರಿ ಮುಚ್ಚಿಲ್ಲವೆಂಬುದನ್ನು ಫಲಿತಾಂಶಕ್ಕೆ ಮುಂಚೆಯೇ ಮನೆಯಲ್ಲಿ ಆಡಿಟ್ಟಿರಬೇಕು. ಆಮೇಲೆ ಹೇಳಿದರೆ ಅದು ಸಮಾಧಾನದ ಮಾತಾಗಿ ಮಾತ್ರ ಕೇಳಿಸುವುದು.

ಇನ್ನು ಈ ಸೀಮೆಯಲ್ಲಿ ಮುಖ್ಯವಾದ ವಿಚಾರವೊಂದಿದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಶಾಲೆಯಲ್ಲಿ ಇದ್ದಕ್ಕಿದ್ದಂತೆ ಬಿದ್ದು ಕೈಕಾಲುಗಳನ್ನು ಸೆಡೆತುಕೊಂಡಳೆನ್ನೋಣ. ಊರಿನಲ್ಲಿ ಮೊದಲು ಬರುವ ಮಾತು ಗಾಳಿ ಸೋಕಿದೆ ಎಂಬುದು. ನಿಂಬೆಹಣ್ಣು, ಅಂತ್ರ, ತಾಯಿತಗಳಾದ ಮೇಲೆ ಮಠಕ್ಕೆ ಕರೆತರುವರು. ಅದು ಮೂರ್ಛೆರೋಗವಾಗಿರಬಹುದು; ಅದಕ್ಕೆ ಪ್ರತಿದಿನ ತಪ್ಪದೆ ಕೊಡತಕ್ಕ ಔಷಧಗಳಿವೆ. ಅಥವಾ ಆಕೆಯ ಎದೆಯಲ್ಲಿ ಹೇಳಲಾಗದ ಸಂಕಟವೊಂದು, ಓದು ಬಿಡಿಸುವ ಮಾತೋ, ಮದುವೆಯ ಮಾತೋ, ಮನೆಯ ಜಗಳವೋ, ಇದ್ದು, ಬಾಯಿಂದ ಬಾರದೆ ಮೈಯಿಂದ ಹೊರಬೀಳುತ್ತಿರಬಹುದು. ಎರಡನೆಯದಾದರೂ ಆಕೆಯು ನಟಿಸುತ್ತಿಲ್ಲ. ಯಾವುದು ಯಾವುದೆಂದು ನಿರ್ಣಯಿಸುವುದು ವೈದ್ಯರ ಕೆಲಸ. ಮಠಕ್ಕೆ ಬಂದ ಭಕ್ತರನ್ನು ಮೂಢರೆಂದು ಗದರಿಸಿ ಅಟ್ಟಿದರೆ ಅವರು ಇನ್ನೊಂದು ಕಡೆಗೆ ಹೋಗುವರೇ ಹೊರತು ಆಸ್ಪತ್ರೆಗೆ ಹೋಗರು. ಹಣೆಗೆ ವಿಭೂತಿಯನ್ನು ಧರಿಸಿಕೊಂಡೇ ವೈದ್ಯರನ್ನು ಕಾಣಬಹುದಷ್ಟೆ! ‘ಆಶೀರ್ವಾದವಾಯಿತು ತಾಯೀ, ಇನ್ನು ಮಗಳನ್ನು ಡಾಕ್ಟರಿಗೆ ತೋರಿಸಿ’ ಎಂದು ಗುರುಗಳ ಬಾಯಿಂದ ಬಂದ ಒಂದು ಮಾತು ಮಾಡುವ ಕೆಲಸವನ್ನು ಸರ್ಕಾರದ ಭಿತ್ತಿಪತ್ರಗಳು ನೂರು ಸೇರಿಯೂ ಮಾಡಲಾರವು.

ವಿದ್ಯಾರ್ಥಿನಿಲಯಗಳ ವಿಷಯದಲ್ಲಿ ಮಠಗಳ ಹೊಣೆಯು ಇದಕ್ಕಿಂತಲೂ ದೊಡ್ಡದು. ಅಲ್ಲಿರುವ ಮಗುವು ಹತ್ತು ವರ್ಷಕ್ಕೇ ಮನೆಯನ್ನು ಬಿಟ್ಟು ಬಂದಿರುವುದು. ರಾತ್ರಿ ಅತ್ತರೆ ಕೇಳುವ ತಾಯಿಯಿಲ್ಲ. ಹಾಸಿಗೆ ಒದ್ದೆ ಮಾಡಿಕೊಂಡ ಹುಡುಗನನ್ನು ಮಿಕ್ಕವರು ಹಾಸ್ಯ ಮಾಡಿದರೆ ಆತನು ಹೇಳಿಕೊಳ್ಳುವುದು ಯಾರಲ್ಲಿ? ನಿಲಯದಲ್ಲಿ ಶಿಸ್ತನ್ನು ನೋಡುವವರು ಒಬ್ಬರು, ಮಕ್ಕಳ ಮಾತನ್ನು ಕೇಳುವವರು ಇನ್ನೊಬ್ಬರು ಇರುವುದು ಲೇಸು. ಶಿಕ್ಷಿಸುವವರ ಮುಂದೆ ಮಗುವು ಮನಸ್ಸನ್ನು ಬಿಚ್ಚದು. ಮೈಮುಟ್ಟಿ ಕೆಟ್ಟದಾಗಿ ನಡೆದುಕೊಂಡರೆಂದು ಮಗುವು ಯಾರ ಮೇಲೆಯೇ ಹೇಳಲಿ, ಅವರು ಎಷ್ಟೇ ದೊಡ್ಡವರಾಗಿರಲಿ, ಸಂಸ್ಥೆಯ ಮಾನವನ್ನು ನೆನೆದು ಅದನ್ನು ಒಳಗೇ ಅಡಗಿಸಲಾಗದು. 2012ರ ಪೋಕ್ಸೋ ಕಾಯಿದೆಯಂತೆ ತಿಳಿದವರು ಪೋಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. ಸಂಸ್ಥೆಯ ಮಾನವು ಮಗುವಿನ ಮಾನಕ್ಕಿಂತ ಹಿರಿದೆಂದು ಯಾವ ಶರಣರೂ ಹೇಳಿಲ್ಲ.

ಕಳುಹಿಸುವುದು ಎಲ್ಲಿಗೆ? ದೂರ ಹೋಗಬೇಕಾದುದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಜಿಲ್ಲಾ ಆಸ್ಪತ್ರೆಯನ್ನು ಆಶ್ರಯಿಸಿ ನಡೆಯುವುದು. ‘ಮನೋಚೈತನ್ಯ’ವೆಂಬ ಹೆಸರಿನಲ್ಲಿ ಮಂಗಳವಾರಗಳಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡನ್ನೂ ರಾಜ್ಯವು ಮಾಡಿತು. 14416 ಎಂಬ ದೂರವಾಣಿಯಲ್ಲಿ ‘ಟೆಲಿ ಮಾನಸ್’ ಸೇವೆಯು 2022ರ ಅಕ್ಟೋಬರಿನಲ್ಲಿ ಪ್ರಾರಂಭವಾಯಿತು. ಕನ್ನಡದಲ್ಲಿಯೇ, ಖರ್ಚಿಲ್ಲದೆ, ಮಾತನಾಡಬಹುದು. ಶಾಲೆ ಬಿಟ್ಟ ತರುಣರಿಗಾಗಿ ರಾಜ್ಯದ ಯುವಜನ ಇಲಾಖೆಯು ನಿಮ್ಹಾನ್ಸಿನ ಸಹಾಯದಿಂದ ‘ಯುವ ಸ್ಪಂದನ’ವನ್ನು ನಡೆಸಿತು. ಓದಿ ತಿಳಿಯುವವರಿಗೆ ಡಾಕ್ಟರ್ ಎಂ. ಶಿವರಾಂ ಅವರ ‘ಮನಮಂಥನ’ವಿದೆ, 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಮನೋವೈದ್ಯದ ಈ ಕನ್ನಡ ಗ್ರಂಥಕ್ಕೆ ಸಂದಿತು. ಡಾಕ್ಟರ್ ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳಂತೂ ಹಳ್ಳಿಯ ಓದುಗರಿಗೂ ತಿಳಿಯುವಂಥವು.

ಮಗುವನ್ನು ವೈದ್ಯರಿಗೆ ತೋರಿಸಿದರೆ ಊರಿನಲ್ಲಿ ಹುಚ್ಚನೆಂಬ ಹೆಸರು ಬರುವುದೆಂದು ತಾಯಂದಿರು ಅಂಜುವರು. ಮುಂದೆ ಹೆಣ್ಣು ಕೊಡುವವರೂ ತರುವವರೂ ಕೇಳುವರೆಂಬ ಯೋಚನೆ. ಈ ಅಂಜಿಕೆಯನ್ನು ಹಗುರವಾಗಿ ಕಾಣಬಾರದು, ಅದಕ್ಕೆ ಕಾರಣವಿಲ್ಲದಿಲ್ಲ. ಆದುದರಿಂದಲೇ ಉಪಾಧ್ಯಾಯರು ಮಗುವಿನ ವಿಷಯವನ್ನು ಉಪಾಧ್ಯಾಯರ ಕೊಠಡಿಯ ಹರಟೆಗೆ ತರಬಾರದು. ಚಿಕಿತ್ಸೆಯೆಂದರೆ ಗುಳಿಗೆಯೊಂದೇ ಎಂದೂ ತಿಳಿಯಬಾರದು. ಮಕ್ಕಳ ವಿಷಯದಲ್ಲಿ ಬಹುಭಾಗವು ಮಾತಿನ ಚಿಕಿತ್ಸೆ, ತಂದೆತಾಯಿಗಳಿಗೆ ತಿಳಿವಳಿಕೆ, ಶಾಲೆಯಲ್ಲಿ ಕುಳಿತುಕೊಳ್ಳುವ ಜಾಗ, ಬರೆಯುವ ಭಾರ, ಪರೀಕ್ಷೆಯ ಕಾಲ ಇವುಗಳಲ್ಲಿ ಮಾಡುವ ಸಣ್ಣ ಬದಲಾವಣೆಗಳು. ಔಷಧ ಬೇಕಾದಲ್ಲಿ ವೈದ್ಯರು ಕೊಡುವರು. ಕೊಟ್ಟುದನ್ನು ಅವರನ್ನು ಕೇಳದೆ ನಿಲ್ಲಿಸಬಾರದು.

ಮೊದಲ ಸಲ ವೈದ್ಯರ ಬಳಿಗೆ ಹೋಗುವುದು ಹೇಗೋ ಆದೀತು. ಕೆಲಸ ಕೆಡುವುದು ಎರಡನೆಯ ಸಲ. ರಾಗಿಯ ಕಟಾವೋ, ಕೊಬ್ಬರಿಯ ಕೆಲಸವೋ, ಒಂದು ದಿನದ ಕೂಲಿಯೋ ಅಡ್ಡ ಬಂದು, ಮಗುವು ಸ್ವಲ್ಪ ಗೆಲುವಾಗಿದೆಯೆಂಬ ನೆಪವೂ ಸೇರಿ, ಚಿಕಿತ್ಸೆಯು ಅರ್ಧಕ್ಕೇ ನಿಲ್ಲುವುದು. ಮಠದ ವಿದ್ಯಾನಿಧಿಯಲ್ಲಿ ಇದಕ್ಕಾಗಿ ಒಂದು ಸಣ್ಣ ಭಾಗವನ್ನು ತೆಗೆದಿರಿಸಿ, ಅಂಥ ಮಗುವಿಗೂ ಜೊತೆಗೆ ಹೋಗುವವರಿಗೂ ಬಸ್ಸಿನ ಹಣವನ್ನು ಕೊಡುವ, ತಾಯಿಗೆ ಬಿಡುವಿಲ್ಲದ ದಿನ ಜೊತೆಗೆ ಹೋಗಲು ಒಬ್ಬ ಹಿರಿಯ ಉಪಾಧ್ಯಾಯಿನಿಯನ್ನು ಗೊತ್ತುಮಾಡುವ ವ್ಯವಸ್ಥೆಯಾದರೆ ಸಾಕು. ಭಕ್ತರಲ್ಲಿ ಯಾರಾದರೂ ಈ ಸೇವೆಯನ್ನು ವಹಿಸಿಕೊಳ್ಳಬಹುದು. ಖರ್ಚು ಹೆಚ್ಚಿನದಲ್ಲ, ಹೊಸದುರ್ಗಕ್ಕೆ ಹೋಗಿ ಬರುವಷ್ಟು.